ಮೂರು ನೀರು ಮುಗಿಯುವವರೆಗೆ ಮಿರ್ಚಿ ಇಲ್ಲ

ದೇವಸಮುದ್ರ
೪ ಮಾರ್ಚ್ ೨೦೨೫, ಮಂಗಳವಾರ

ಚಳ್ಳಕೆರೆಯ ಶ್ರೀ ನಂದೀಶ್ವರ ಮಿರ್ಚಿ ಮಂಡಕ್ಕಿ ಹೋಟೆಲಿನ ಮಾಲೀಕರೂ, ರಜೆ ಎಂಬ ಶಬ್ದ ಬಿದ್ದೊಡನೆ ಕಿವಿ ಮಂದವಾಗುವವರೂ ಆದ ಯಜಮಾನರು ಜಂಬುಲಿಂಗಪ್ಪನವರ ಸನ್ನಿಧಿಗೆ,

ತಮ್ಮ ಬಾಣಲಿಯ ಮುಂದೆ ವರ್ಷಗಟ್ಟಲೆಯಿಂದ ಬೇಯುತ್ತಿರುವ ಮಾರುತೇಶನ ನಮಸ್ಕಾರಗಳು.

ನಿನ್ನೆಯಿಂದ ಫೋನ್ ಮಾಡಿ ಮಾಡಿ ನನ್ನ ಬೆರಳು ಸವೆದಿದೆ, ನೀವು ಎತ್ತಲಿಲ್ಲ. ‘ಫೋನಿನಲ್ಲಿ ಕೆಮ್ಮುವುದೂ ಅಳುವುದೂ ಸುಲಭ. ರಜೆ ಬೇಕಾದವರು ಬರೆದು ಕೊಡತಕ್ಕದ್ದು’ ಎಂದು ಗಲ್ಲಾಪೆಟ್ಟಿಗೆಯ ಮೇಲೆ ನೀವು ತೂಗುಹಾಕಿದ ಬೋರ್ಡಿನ ಅಧಿಕಾರ ಮೊಳಕಾಲ್ಮೂರು ತಾಲ್ಲೂಕಿಗೂ ಹಬ್ಬಿದೆ ಎಂಬುದು ನನಗೆ ತಡವಾಗಿ ತಿಳಿಯಿತು. ಆದ್ದರಿಂದ ಈ ಪತ್ರ. ಬಸ್ ಕಂಡಕ್ಟರ್ ನಾಗೇಂದ್ರಪ್ಪ ತಂದು ಕೊಡುತ್ತಾರೆ. ಅವರಿಗೆ ಒಂದು ಟೀ, ಒಂದು ಪ್ಲೇಟ್ ಮಂಡಕ್ಕಿ ಆಗಬೇಕಂತೆ. ಅಂಚೆ ಇಲಾಖೆಗಿಂತ ಸೋವಿ ಎಂದು ಅವರೇ ಪ್ರಮಾಣಪತ್ರ ಕೊಟ್ಟರು.

ವಿಷಯ ಏನೆಂದರೆ, ಸೋಮವಾರ ಹೋಟೆಲಿಗೆ ಬಿಡುವೆಂದು ಊರಿಗೆ ಬಂದೆನಲ್ಲ, ಬಂದು ನೋಡಿದರೆ ನಮ್ಮಪ್ಪ ಹನುಮಣ್ಣನಿಗೆ ಅಮ್ಮ ಎದ್ದಿದ್ದಾಳೆ. ಆಸ್ಪತ್ರೆಯವರ ಬಾಯಲ್ಲಿ ಚಿಕನ್ ಪಾಕ್ಸ್. ಮಕ್ಕಳಿಗೆ ಬರಬೇಕಾದದ್ದು ಅರವತ್ತು ದಾಟಿದವನನ್ನು ಹುಡುಕಿಕೊಂಡು ಬಂದಿದೆ. ನನಗೂ ನಮ್ಮವ್ವ ಕೆಂಚಕ್ಕನಿಗೂ ಹಿಂದೆಯೇ ಆಗಿಹೋಗಿರುವುದರಿಂದ ನೋಡಿಕೊಳ್ಳಲು ನಾವಿಬ್ಬರೇ ಅರ್ಹರು.

ಈಗ ನಮ್ಮ ಮನೆಯ ಆಡಳಿತ ಪಕ್ಕದ ಮನೆಯ ಸಿದ್ದಕ್ಕನ ಕೈಯಲ್ಲಿದೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದಾಳೆ. ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಏನನ್ನೂ ಕರಿಯುವಂತಿಲ್ಲ. ಬಂದಿರುವವಳು ತಾಯಿ, ನೆಂಟಳು. ಆದ್ದರಿಂದ ‘ಜ್ವರ’, ‘ನೋವು’, ‘ಕಾಯಿಲೆ’ ಎಂಬ ಮಾತುಗಳನ್ನು ಆಡುವಂತಿಲ್ಲ, ಬರೆಯುವಂತಿಲ್ಲ. ಆಡಿದರೆ ತಾಯಿ ಮುನಿಯುತ್ತಾಳೆ. ಇನ್ನು ಈ ಮನೆಯವನಾದ ನಾನು ಊರೂರು ಅಲೆದು ಬೇರೆಯವರ ಎಣ್ಣೆ ಬಾಣಲಿಯನ್ನೂ ಮುಟ್ಟುವ ಹಾಗಿಲ್ಲ. ಅಪ್ಪ ಸುಧಾರಿಸಿ, ಬೇವಿನ ನೀರು ಮೂರು ಸಲ ತಲೆಗೆ ಬೀಳಬೇಕು. ಮೂರು ನೀರು ಮುಗಿದರೆ ಬಿಡುಗಡೆ.

ತಾವು ದೊಡ್ಡ ಮನಸ್ಸು ಮಾಡಿ ಒಂದು ನಾಲ್ಕು ದಿನ ರಜೆ ಕೊಡಬೇಕು. ಬಾಣಲಿ ನನ್ನ ಹೆಸರಿನಲ್ಲೇ ಇರಲಿ. ಅದೊಂದೇ ಬೇಡಿಕೆ.

ಇಂತಿ ತಮ್ಮ
ಮಾರುತೇಶ

*

ಚಳ್ಳಕೆರೆ
೫ ಮಾರ್ಚ್ ೨೦೨೫

ಚಿ. ಮಾರುತೇಶನಿಗೆ ಜಂಬುಲಿಂಗಪ್ಪನ ಆಶೀರ್ವಾದಗಳು.

ನಿನ್ನ ಅರ್ಜಿ ತಲುಪಿತು. ನಮ್ಮ ಕೊಟ್ರಮ್ಮ ಅದನ್ನು ನನ್ನ ಕೈಗೆ ಕೊಡಲಿಲ್ಲ. ಇಕ್ಕಳದಲ್ಲಿ ಹಿಡಿದು ಹಿತ್ತಲಿಗೆ ಒಯ್ದು, ಬಿಸಿಲಿಗೆ ಹಾಕಿ, ಅರಿಶಿನದ ನೀರು ಚಿಮುಕಿಸಿದ ಮೇಲೆ ನನಗೆ ದರ್ಶನವಾಯಿತು. ಅಷ್ಟರಲ್ಲಿ ಅದು ರಜೆ ಅರ್ಜಿ ಹೋಗಿ ಲಗ್ನಪತ್ರಿಕೆಯಂತಾಗಿತ್ತು. ಗಿರಾಕಿಗಳು ‘ಯಾರದ್ರೀ ಮದ್ವಿ?’ ಎಂದು ಕೇಳಿದರು.

ನಾಲ್ಕು ದಿನ ಮಂಜೂರು. ನಾನು ಒಪ್ಪದಿದ್ದರೂ ಆಗುತ್ತಿತ್ತು. ‘ಅಮ್ಮ ಇರೋ ಮನೆಯಿಂದ ಬಂದ ಹುಡುಗ ನಮ್ಮ ಎಣ್ಣೆ ಮುಟ್ಟಿದ್ರೆ ನಾನು ತವರಿಗೆ ಹೋಗ್ತೀನಿ ನೋಡ್ರಿ’ ಎಂದು ಕೊಟ್ರಮ್ಮ ಆಗಲೇ ತೀರ್ಪು ಕೊಟ್ಟಾಗಿತ್ತು. ಅವಳ ತವರು ಎದುರು ಬೀದಿಯಲ್ಲಿದೆ. ಆದರೂ ಹೆದರಿಕೆ ಹೆದರಿಕೆಯೇ.

ನೀನಿಲ್ಲದೆ ಹೋಟೆಲು ಮುಳುಗುತ್ತದೆ ಎಂಬ ಆಸೆ ಒಳಗೊಳಗೇ ಇದ್ದರೆ ಬಿಟ್ಟುಬಿಡು. ಹಿರಿಯೂರಿನಿಂದ ಒಬ್ಬ ಭಟ್ಟರು ಬಂದಿದ್ದಾರೆ. ಎತ್ತರದ ಆಳು, ಮಿತಭಾಷಿ, ಹಣೆಯಲ್ಲಿ ವಿಭೂತಿ. ಅವರು ಎಣ್ಣೆಗೆ ಬಿಟ್ಟ ಮೆಣಸಿನಕಾಯಿ ಹಂಸ ತೇಲಿದಂತೆ ತೇಲುತ್ತದೆ. ಎಣ್ಣೆ ಗಿರಣಿಯ ಹಮಾಲರು ಮೊದಲ ದಿನವೇ ಎರಡೆರಡು ಪ್ಲೇಟ್ ತಿಂದು ಎದ್ದು ನಿಂತು ಕೈ ಮುಗಿದರು. ನೀನು ನೆಮ್ಮದಿಯಾಗಿ ಅಪ್ಪನನ್ನು ನೋಡಿಕೋ.

ಜಂಬುಲಿಂಗಪ್ಪ

*

ದೇವಸಮುದ್ರ
೭ ಮಾರ್ಚ್ ೨೦೨೫

ಯಜಮಾನರಿಗೆ ನಮಸ್ಕಾರ.

ಈ ಪತ್ರವನ್ನು ಸಿದ್ದಕ್ಕ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು, ಓದಿಸಿ ಕೇಳಿ, ಒಪ್ಪಿಗೆ ಕೊಟ್ಟ ಮೇಲೆಯೇ ಕಳಿಸುತ್ತಿದ್ದೇನೆ. ಆದ್ದರಿಂದ ಇಲ್ಲಿ ಎಲ್ಲವೂ ಕ್ಷೇಮ, ಎಲ್ಲವೂ ತಂಪು.

ಅಪ್ಪ ಮಲಗಿಲ್ಲ, ವಿಶ್ರಾಂತಿಯಲ್ಲಿದ್ದಾನೆ. ಮೈ ಬಿಸಿಯಾಗಿಲ್ಲ, ತಾಯಿ ತನ್ನ ಪ್ರೀತಿ ತೋರಿಸುತ್ತಿದ್ದಾಳೆ. ಬೇವಿನ ಎಲೆಯ ಹಾಸಿಗೆ, ಬೇವಿನ ರೆಂಬೆಯ ಗಾಳಿ, ಹೊತ್ತಿಗೊಂದು ಎಳನೀರು, ಮಜ್ಜಿಗೆ ಬೆರೆಸಿದ ತಣ್ಣನೆಯ ರಾಗಿ ಅಂಬಲಿ. ಮನೆ ತುಂಬ ಸಂತೋಷ. ‘ಮುಖದ ಮೇಲೆ ಮುತ್ತು ಸುರಿದಂಗೆ ಐತೆ, ಚೂಡು ಎಂಥ ಕಳೆ!’ ಎಂದು ಸಿದ್ದಕ್ಕ ತೆಲುಗು ಬೆರೆಸಿ ಹೊಗಳುತ್ತಾಳೆ. ಅಪ್ಪ ಕಣ್ಣು ಮಾತ್ರ ತೆರೆದು ನನ್ನನ್ನು ನೋಡುತ್ತಾನೆ. ಅವನ ಅಭಿಪ್ರಾಯ ಬೇರೆ ಇರಬಹುದು. ಯಾರೂ ಕೇಳಿಲ್ಲ.

ಇನ್ನೊಂದು ನಾಲ್ಕು ದಿನ ರಜೆ ವಿಸ್ತರಿಸಬೇಕೆಂದು ಪ್ರಾರ್ಥನೆ.

ಹಿರಿಯೂರಿನ ಭಟ್ಟರು ಇನ್ನೂ ಇದ್ದಾರೆಯೇ? ಸುಮ್ಮನೆ ಕೇಳಿದೆ. ಕಡಲೆಹಿಟ್ಟಿಗೆ ಓಂಕಾಳು ಉಜ್ಜಿ ಹಾಕುತ್ತಾರೋ, ಹಾಗೆಯೇ ಹಾಕುತ್ತಾರೋ? ನಮ್ಮ ಬಾಣಲಿಯ ಎಡಗಡೆ ಬೇಗ ಕಾಯುತ್ತದೆ ಎಂಬುದು ಗೊತ್ತಾಗಿದೆಯೇ? ಅವರು ಹಿರಿಯೂರಿಗೆ ವಾಪಸು ಹೋಗುವುದು ಯಾವಾಗ? ಇದೂ ಸುಮ್ಮನೆ ಕೇಳಿದ್ದು.

ಮಾರುತೇಶ

*

ಚಳ್ಳಕೆರೆ
೮ ಮಾರ್ಚ್ ೨೦೨೫

ಚಿ. ಮಾರುತೇಶನಿಗೆ,

ನಿನ್ನ ಪತ್ರ ಓದಿ ನನಗೂ ದೇವಸಮುದ್ರಕ್ಕೆ ಬಂದು ಒಂದು ವಾರ ಇರೋಣ ಎನ್ನಿಸಿತು. ಎಳನೀರು, ತಂಪು ಗಾಳಿ, ಅಂಬಲಿ, ಮನೆ ತುಂಬ ಸಂತೋಷ! ಇದಕ್ಕೆ ರಜೆ ಅನ್ನುತ್ತಾರೋ ರೆಸಾರ್ಟ್ ಅನ್ನುತ್ತಾರೋ? ಇಲ್ಲಿ ಮಾರ್ಚ್ ತಿಂಗಳ ಬಿಸಿಲಿಗೆ ಸಂತೆಯ ನಾಯಿಗಳೂ ಚರಂಡಿ ಬಿಟ್ಟು ಏಳುತ್ತಿಲ್ಲ. ನಿನ್ನಪ್ಪ ಗುಣಮುಖನಾಗಿ ಕಳೆಕಳೆಯಾಗಿರುವುದು ಸಂತೋಷದ ಸಂಗತಿ. ಇನ್ನು ನಿನಗೇನು ಕೆಲಸ ಅಲ್ಲಿ?

ಆದರೂ ಕೊಟ್ಟೆ, ಇನ್ನು ನಾಲ್ಕು ದಿನ. ನನ್ನ ಔದಾರ್ಯವನ್ನು ಊರಿನಲ್ಲಿ ಹತ್ತು ಜನಕ್ಕೆ ಹೇಳು.

ಭಟ್ಟರು ಸುಖವಾಗಿದ್ದಾರೆ. ಓಂಕಾಳಿನ ರಹಸ್ಯವನ್ನು ಅವರು ಯಾರಿಗೂ ಹೇಳುವುದಿಲ್ಲ. ದಿನದಿನಕ್ಕೆ ಕೈ ಪಳಗುತ್ತಿದೆ. ಇಂದಂತೂ ಬಾಣಲಿಯಿಂದ ಇಳಿದ ಒಂದು ಒಬ್ಬೆ ಮಿರ್ಚಿ ಎಷ್ಟು ಸೊಗಸಾಗಿ ಬಂತೆಂದರೆ, ನನಗೇ ಕಣ್ಣು ತುಂಬಿ ಬಂತು. ಅಂಬಲಿ ಕುಡಿದು ಬಾಯಿ ಕೆಟ್ಟಿರುವ ನಿನ್ನಪ್ಪನಿಗೂ ಅವ್ವನಿಗೂ ರುಚಿ ಸಿಗಲೆಂದು ಒಂದು ಪೊಟ್ಟಣ ಕಟ್ಟಿ, ಜೊತೆಗೆ ಒಗ್ಗರಣೆ ಮಂಡಕ್ಕಿ ಇಟ್ಟು ನಾಗೇಂದ್ರಪ್ಪನ ಕೈಯಲ್ಲಿ ಕಳಿಸಿದ್ದೇನೆ. ಬಿಸಿ ಆರುವ ಮುಂಚೆ ತಿನ್ನಿ.

ಜಂಬುಲಿಂಗಪ್ಪ

*

ದೇವಸಮುದ್ರ
೯ ಮಾರ್ಚ್ ೨೦೨೫

ಯಜಮಾನ್ರೇ,

ಏನು ಮಾಡಿಬಿಟ್ಟಿರಿ!

ನಾಗೇಂದ್ರಪ್ಪ ಪೊಟ್ಟಣ ಕೊಟ್ಟರು. ಚಳ್ಳಕೆರೆಯ ಪ್ರೀತಿ ಎಂದು ನಾನೂ ಬುದ್ಧಿಯಿಲ್ಲದೆ ಒಳಗೆ ತಂದು ಬಿಚ್ಚಿದೆ. ಅಮ್ಮ ಇರುವ ಮನೆಯ ನಡುವೆ, ಬೇವಿನ ಸೊಪ್ಪಿನ ಪಕ್ಕದಲ್ಲಿ, ಕರಿದ ಎಣ್ಣೆ, ಸಾಸಿವೆ, ಇಂಗು, ಬೆಳ್ಳುಳ್ಳಿ! ಆ ವಾಸನೆ ಮೂರು ಮನೆ ದಾಟಿತು. ಸಿದ್ದಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಳು.

‘ಏಮ್ರಾ ಇದಿ! ಯಾರೋ ತಂದೋನು ಇದನ್ನ?’

‘ನಮ್ಮ ಯಜಮಾನ್ರು ಕಳಿಸಿದ್ರು ಕಣಕ್ಕ, ಪ್ರೀತಿಯಿಂದ.’

‘ಪ್ರೀತಿ ಅಂತೆ, ಪ್ರೀತಿ! ತಾಯಿ ತಂಪು ಕೇಳ್ತಾವ್ಳೆ, ಅವ್ನು ಮೆಣಸಿನಕಾಯಿ ಕಳಿಸ್ತಾನೆ! ಅವನ್ಗೆ ಹೆಂಡ್ರು ಇಲ್ವೇನೋ ಬುದ್ಧಿ ಹೇಳಾಕೆ?’

ಇದ್ದಾರೆ ಎಂದೆ. ಇದ್ದೂ ಹೀಗೇನಾ ಎಂದಳು.

ಮನೆಯನ್ನು ಗಂಜಲ ಹಾಕಿ ತೊಳೆದೆವು. ಅವ್ವ ಮೊಸರನ್ನ ಎಡೆ ಇಟ್ಟು, ತಾಯಿಗೆ ತಪ್ಪಾಯಿತೆಂದು ಕೆನ್ನೆಗೆ ಹೊಡೆದುಕೊಂಡಳು. ನನ್ನಿಂದಲೂ ಹೊಡೆಸಿದಳು. ನಿಮ್ಮ ಪರವಾಗಿಯೂ ನಾನೇ ಎರಡು ಹೊಡೆದುಕೊಂಡಿದ್ದೇನೆ. ಇವತ್ತು ಹಾಕಬೇಕಿದ್ದ ಮೊದಲ ನೀರನ್ನು ಸಿದ್ದಕ್ಕ ಮುಂದಕ್ಕೆ ಹಾಕಿದ್ದಾಳೆ. ಅಂದರೆ ರಜೆಯನ್ನು ನೀವೇ ವಿಸ್ತರಿಸಿದ ಹಾಗಾಯಿತು. ಧನ್ಯವಾದಗಳು.

ಪೊಟ್ಟಣವನ್ನು ಹಿತ್ತಲಿಗೆ ಒಯ್ಯುವಾಗ ಭಟ್ಟರ ಕೈಚಳಕ ನೋಡಿದೆ. ಮನಸ್ಸಿಗೆ ಬಹಳ ಸಮಾಧಾನವಾಯಿತು. ಹಿಟ್ಟು ಕಂಬಳಿ ಹೊದ್ದಂತೆ ಕೂತಿದೆ, ಮೆಣಸಿನಕಾಯಿ ಒಳಗೆ ಹಸಿಯಾಗಿ ನಿದ್ದೆ ಮಾಡುತ್ತಿದೆ. ನಮ್ಮ ಆಡಿನ ಮುಂದೆ ಇಟ್ಟೆ. ಅದು ಪೊಟ್ಟಣದ ಪೇಪರ್ ತಿಂದು ಮಿರ್ಚಿ ಬಿಟ್ಟಿತು. ಹಿರಿಯೂರಿನವರಿಗೆ ನನ್ನ ನಮಸ್ಕಾರ ತಿಳಿಸಿ.

ಸಿದ್ದಕ್ಕ ಇದುವರೆಗಿನದನ್ನು ಕೇಳಿ ಎದ್ದು ಹೋದಳು. ಅಪ್ಪನ ಕೆಮ್ಮಿನ ವಿಷಯ ಬರೆಯಬಾರದಂತೆ. ಆದ್ದರಿಂದ ಬರೆದಿಲ್ಲ.

ಮಾರುತೇಶ

*

ಚಳ್ಳಕೆರೆ
೧೧ ಮಾರ್ಚ್ ೨೦೨೫

ಮಾರುತೇಶನಿಗೆ,

ಪೊಟ್ಟಣದ ವಿಷಯದಲ್ಲಿ ತಪ್ಪು ನನ್ನದು. ಕೊಟ್ರಮ್ಮನಿಗೆ ಹೇಳದೆ ಕಳಿಸಿದ್ದೆ. ವಿಷಯ ತಿಳಿದ ಮೇಲೆ ಅವಳು ಆಡಿದ ಮಾತು ಬರೆಯಲು ಈ ಹಾಳೆ ಸಾಲದು. ತಾಯಿಗೆ ನನ್ನ ಹೆಸರಿನಲ್ಲಿ ಕಾಯಿ ಒಡೆಸು.

ಮಿರ್ಚಿಯ ಬಗ್ಗೆ ನೀನು ಬರೆದದ್ದನ್ನು ಭಟ್ಟರಿಗೆ ಓದಿ ಹೇಳಿದೆ. ಅವರು ಅಂದು ಊಟ ಬಿಟ್ಟರು. ಆಡಿನ ವಿಷಯ ಬರೆಯುವ ಅಗತ್ಯ ಇರಲಿಲ್ಲ. ಪ್ರಯತ್ನ ಪಡುವ ಮನುಷ್ಯನನ್ನು ಹೀಗೆ ಆಡಿಕೊಳ್ಳಬಾರದು.

ಇದೆಲ್ಲ ಇರಲಿ. ನಿನ್ನೆ ನಾಗೇಂದ್ರಪ್ಪ ಬಸ್ಸಿನ ಕಿಟಕಿಯಿಂದ ನೋಡಿದ ಒಂದು ನೋಟದ ಬಗ್ಗೆ ಕೇಳಬೇಕು. ಮೊಳಕಾಲ್ಮೂರಿನಲ್ಲಿ, ರಸ್ತೆ ಬದಿಯ ಒಂದು ಹೋಟೆಲಿನಲ್ಲಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಒಲೆಯ ಮುಂದೆ ನಿಂತು ಸೌಟು ಆಡಿಸುತ್ತಿದ್ದವನು ನೀನೇ ಎಂದು ಆತ ಆಣೆ ಮಾಡಿ ಹೇಳುತ್ತಾನೆ. ಅಪ್ಪನಿಗೆ ಅಮ್ಮ, ನನಗೆ ಪತ್ರ, ಮೊಳಕಾಲ್ಮೂರಿಗೆ ಸೌಟು. ನಮ್ಮ ಬಾಣಲಿ ಮುಟ್ಟಬಾರದು, ಅವರ ಒಲೆ ಮುಟ್ಟಬಹುದು. ಇದು ಯಾವ ದೇವರ ಶಾಸ್ತ್ರವೋ ನನಗೆ ತಿಳಿಯದು.

ಬೇರೆ ಕಡೆ ಸೇರಿದ್ದರೆ ನೇರವಾಗಿ ಹೇಳು. ಶುಕ್ರವಾರದೊಳಗೆ ನೀನಾಗಲಿ ನಿನ್ನ ಉತ್ತರವಾಗಲಿ ಬರದಿದ್ದರೆ, ಬಾಣಲಿಗೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ.

ಜಂಬುಲಿಂಗಪ್ಪ

(ಹಾಳೆಯ ಹಿಂಬದಿಯಲ್ಲಿ, ಪೆನ್ಸಿಲಿನಲ್ಲಿ)

ಮಾರುತೇಶ, ನಾನು ಕೊಟ್ರಮ್ಮ. ಕವರು ಅಂಟಿಸೋಕೆ ಅಂತ ಈಸ್ಕೊಂಡು ಬರೀತಿದೀನಿ. ಹಿರಿಯೂರಿನ ಭಟ್ಟ ಅಂತ ಯಾರೂ ಇಲ್ಲಪ್ಪ. ಆ ಮಿರ್ಚಿ ಇವರದ್ದೇ. ನೀನು ಹೋದಾಗಿಂದ ಪಂಚೆ ಎತ್ತಿ ಕಟ್ಕೊಂಡು ಇವರೇ ಬಾಣಲಿ ಮುಂದೆ ನಿಂತವ್ರೆ. ಬಲಗೈ ಸುಟ್ಕೊಂಡವ್ರೆ, ಈ ಪತ್ರದ ಅಕ್ಷರ ಸೊಟ್ಟ ಇರೋದು ಅದಕ್ಕೇ. ನಾನು ಹೇಳ್ದೆ ಅನ್ನಬೇಡ. ನಿಮ್ಮಪ್ಪನ ಕೆಮ್ಮಿನ ವಿಷಯ ಬರೆದಿಲ್ಲ ಅಂತ ಬರೆದಿದ್ಯಲ್ಲ, ಇವರು ಆಡಿನ ಸಿಟ್ಟಲ್ಲಿ ಅದನ್ನ ನೋಡಲೇ ಇಲ್ಲ. ನಾನು ನೋಡಿದೆ. ನಿಜ ಹೇಳು, ಹೆಂಗವ್ರೆ?

*

ಮೊಳಕಾಲ್ಮೂರು, ಸರ್ಕಾರಿ ಆಸ್ಪತ್ರೆ
೧೨ ಮಾರ್ಚ್ ೨೦೨೫

ಯಜಮಾನರಿಗೆ,

ಇಲ್ಲಿ ಸಿದ್ದಕ್ಕ ಇಲ್ಲ. ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಅಪ್ಪನಿಗೆ ಜ್ವರ ಬಿಟ್ಟೇ ಇರಲಿಲ್ಲ. ಭಾನುವಾರ ಸಂಜೆ ಕೆಮ್ಮು ಏರಿತು, ಉಸಿರು ಸಿಕ್ಕಿಕೊಳ್ಳಲು ಶುರುವಾಯಿತು. ಕರೆದುಕೊಂಡು ಹೋಗುತ್ತೇನೆ ಎಂದಾಗ ಸಿದ್ದಕ್ಕ ಅಡ್ಡ ನಿಲ್ಲುತ್ತಾಳೆಂದು ಹೆದರಿದ್ದೆ. ಅವಳು ಅಪ್ಪನ ಮುಖ ನೋಡಿ, ‘ತಾಯಿನೂ ಜತೆಗೇ ಬರ್ತಾಳೆ ನಡಿಯೋ. ಅವಳೂ ಒಂದ್ಸಲ ಆಸ್ಪತ್ರೆ ನೋಡ್ಲಿ’ ಎಂದು ತಾನೇ ಅಪ್ಪನ ತಲೆಗೆ ಬಟ್ಟೆ ಸುತ್ತಿದಳು. ಚಿಕನ್ ಪಾಕ್ಸ್ ಶ್ವಾಸಕೋಶಕ್ಕೆ ಇಳಿದಿದೆ, ದೊಡ್ಡವರಿಗೆ ಒಮ್ಮೊಮ್ಮೆ ಹೀಗಾಗುತ್ತದೆ ಎಂದರು ಡಾಕ್ಟರು. ಮೂಗಿಗೆ ಆಕ್ಸಿಜನ್ ಇಟ್ಟಿದ್ದಾರೆ. ಒಂದು ಮಾತು ಮುಗಿಸಲು ಅಪ್ಪ ಮೂರು ಸಲ ನಿಲ್ಲುತ್ತಾನೆ. ಔಷಧಿ ಹಿಡಿಯುತ್ತಿದೆ ಎಂದು ಇವತ್ತು ಬೆಳಿಗ್ಗೆ ಹೇಳಿದರು. ನಾನು ಇನ್ನೂ ಪೂರ್ತಿ ನಂಬಿಲ್ಲ.

ನಾಗೇಂದ್ರಪ್ಪ ನೋಡಿದ್ದು ನನ್ನನ್ನೇ. ಆಸ್ಪತ್ರೆ ಎದುರಿನ ಹೋಟೆಲಿನವರು ಪಾಪ, ಒಂದು ಒಲೆ ಬಿಟ್ಟುಕೊಟ್ಟರು. ಅಪ್ಪನಿಗೆ ಗಂಜಿ ಕಾಯಿಸುತ್ತಿದ್ದೆ. ಎಣ್ಣೆಯ ಹನಿ ಮುಟ್ಟಿಲ್ಲ.

ಇದನ್ನೆಲ್ಲ ಮೊದಲೇ ಬರೆಯಬಹುದಿತ್ತು. ಸಿದ್ದಕ್ಕನ ಕಣ್ಣು ತಪ್ಪಿಸಿ ಎರಡು ಸಾಲು ಬರೆಯುವುದು ದೊಡ್ಡ ಕೆಲಸವಲ್ಲ. ಆದರೆ ಉದ್ದ ರಜೆ ಕೇಳಿದರೆ ನನ್ನ ಜಾಗ ಹಿರಿಯೂರಿನ ಪಾಲಾಗುತ್ತದೆಂದು ಹೆದರಿ, ನಾಲ್ಕು ನಾಲ್ಕು ದಿನದ ತುಂಡು ಕೇಳಿದೆ. ಈಗ ಕೇಳುವುದಿಲ್ಲ, ಹೇಳುತ್ತೇನೆ. ಶುಕ್ರವಾರ ನಾನು ಬರುವುದಿಲ್ಲ. ಅಪ್ಪ ಮನೆಗೆ ಬಂದು ಮೂರು ನೀರು ಹಾಕಿಸಿಕೊಳ್ಳುವವರೆಗೂ ಬರುವುದಿಲ್ಲ. ಬಾಣಲಿ ಬೇರೆಯವರಿಗೆ ಕೊಟ್ಟರೆ ನಿಮ್ಮ ಮೇಲೆ ನನಗೆ ಬೇಜಾರಿಲ್ಲ. ನಿಮ್ಮ ಗಿರಾಕಿಗಳೂ ಬಾಯಿ ತೆರೆದು ಕೂತಿರುತ್ತಾರಲ್ಲ.

ಇನ್ನೊಂದು ಮಾತು. ಭಟ್ಟರಿಗೆ ಹೇಳಿ: ಮೆಣಸಿನಕಾಯಿಯನ್ನು ಮೇಲಿನಿಂದ ಎಸೆಯಬಾರದು, ಬಾಣಲಿಯ ಅಂಚಿನಿಂದ ಜಾರಿಸಬೇಕು. ಆಗ ಎಣ್ಣೆ ಸಿಡಿಯುವುದಿಲ್ಲ. ಸುಟ್ಟ ಕೈಗೆ ಅವರು ಸುಣ್ಣ ಗಿಣ್ಣ ಹಚ್ಚದೆ ಡಾಕ್ಟರ ಮುಲಾಮು ಹಚ್ಚಲಿ. ಆಡಿನ ಮಾತಿಗೆ ಅವರು ನನ್ನನ್ನು ಕ್ಷಮಿಸಬೇಕು. ನಮ್ಮ ಆಡು ಮೊದಲಿನಿಂದಲೂ ಸೊಕ್ಕಿನದು.

ಮಾರುತೇಶ

*

ಚಳ್ಳಕೆರೆ
೧೩ ಮಾರ್ಚ್ ೨೦೨೫

ಮಗನೇ ಮಾರುತೇಶ,

ನನ್ನ ಹನ್ನೊಂದನೇ ತಾರೀಖಿನ ಪತ್ರ ನಿನ್ನ ಬಳಿ ಇದ್ದರೆ, ಗಂಜಿ ಕಾಯಿಸುವ ಆ ಒಲೆಗೇ ಹಾಕು. ಅದು ಒಂದಾದರೂ ಒಳ್ಳೆಯ ಕೆಲಸಕ್ಕೆ ಬರಲಿ.

ನಿನ್ನ ಪತ್ರವನ್ನು ಈ ಸಲ ಇಕ್ಕಳ ಇಲ್ಲದೆ ಓದಿದೆ. ಓದುತ್ತ ಹೋದಂತೆ ಒಂದು ಸಂಗತಿ ಹೊಳೆಯಿತು. ಭಟ್ಟರ ಕೈ ಸುಟ್ಟಿದ್ದನ್ನು ನಾನು ಯಾವ ಪತ್ರದಲ್ಲೂ ಬರೆದಿರಲಿಲ್ಲ. ಕೊಟ್ರಮ್ಮನ ಕಡೆ ನೋಡಿದೆ. ಅವಳು ಗೋಡೆಯ ಕಡೆ ನೋಡಿದಳು. ಆದ್ದರಿಂದ ನಿನಗೆ ಅಧಿಕೃತವಾಗಿ ತಿಳಿಸುವುದೇನೆಂದರೆ, ಹಿರಿಯೂರಿನ ಭಟ್ಟರು ಇಂದು ಬೆಳಿಗ್ಗೆ ರಾಜೀನಾಮೆ ಕೊಟ್ಟರು. ನಾನು ತಕ್ಷಣ ಅಂಗೀಕರಿಸಿದೆ. ಇಬ್ಬರಿಗೂ ನೆಮ್ಮದಿಯಾಯಿತು.

ಭಟ್ಟರನ್ನು ಹುಟ್ಟಿಸಿದ್ದು ನಿನ್ನನ್ನು ಹೆದರಿಸಲಿಕ್ಕಲ್ಲ. ಹೋಟೆಲು ಹೇಗೋ ನಡೆಯುತ್ತಿದೆ ಎಂದರೆ ನೀನು ನಿಶ್ಚಿಂತೆಯಿಂದ ಅಪ್ಪನ ಹತ್ತಿರ ಇರುತ್ತೀಯ ಎಂದುಕೊಂಡೆ. ಆಮೇಲೆ ಅವರನ್ನು ಹೊಗಳುತ್ತ ಹೊಗಳುತ್ತ ನನಗೇ ಅವರ ಮೇಲೆ ಅಭಿಮಾನ ಬೆಳೆಯಿತು. ಹಮಾಲರು ಎದ್ದು ನಿಂತು ಕೈ ಮುಗಿದದ್ದು ಮಾತ್ರ ನಿಜ. ‘ಸಾವ್ಕಾರ್ರೇ, ನಿಮ್ ಕಾಲಿಗೆ ಬೀಳ್ತೀವಿ, ಇನ್ನೊಂದು ಪ್ಲೇಟ್ ಕೊಡಬ್ಯಾಡ್ರಿ’ ಎಂದರು.

ಹೊಸ ಬೋರ್ಡು ಬರೆಸಿ ಹೊರಗೆ ತೂಗುಹಾಕಿದ್ದೇನೆ: ‘ಮಾರುತೇಶ ಬರುವವರೆಗೆ ಮಿರ್ಚಿ ಇಲ್ಲ. ಮಂಡಕ್ಕಿ, ಟೀ ಇದೆ. ಜಗಳ ಬೇಡ.’ ಬಾಣಲಿಯನ್ನು ಉಜ್ಜಿಸಿ ಬೋರಲು ಹಾಕಿದೆ. ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇಲ್ಲ. ನನಗಂತೂ ಇಲ್ಲ.

ನಿನ್ನ ರಜೆಗೆ ತಾರೀಖು ಹಾಕಿಲ್ಲ. ನಿನ್ನಪ್ಪ ತಾನೇ ಬಾಯಿ ಬಿಟ್ಟು ‘ಹೋಗು’ ಎಂದ ದಿನ ಬಾ. ಅದಕ್ಕೆ ಮುಂಚೆ ಬಂದರೆ ಒಳಗೆ ಬಿಡುವುದಿಲ್ಲ. ಏನಾದರೂ ಬೇಕಾದರೆ ಫೋನ್ ಮಾಡು, ಎತ್ತುತ್ತೇನೆ. ಬೋರ್ಡಿನ ಮಾತು ಬಿಡು. ಬೋರ್ಡು ಬರೆಸಿದವನು ನಾನೇ ತಾನೇ.

ಜಂಬುಲಿಂಗಪ್ಪ

*

ದೇವಸಮುದ್ರ
೨೬ ಮಾರ್ಚ್ ೨೦೨೫

ಪೂಜ್ಯ ಯಜಮಾನರಿಗೆ,

ದಿನವೂ ಎರಡು ಹೊತ್ತು ಫೋನಿನಲ್ಲಿ ನೀವೇ ವಿಚಾರಿಸುತ್ತಿದ್ದೀರಿ. ನಿಮ್ಮ ಧ್ವನಿ ಕೇಳಿದರೆ ನರ್ಸಮ್ಮನವರು ‘ಅಪ್ಪನ ಅಣ್ಣನೇನಪ್ಪಾ?’ ಎನ್ನುವಷ್ಟು ಆಗಿತ್ತು. ಆದರೂ ಕೆಲಸಕ್ಕೆ ಹಾಜರಾಗುವ ವಿಷಯವನ್ನು ಬರೆದೇ ತಿಳಿಸುವುದು ಶಿಸ್ತು.

ನಿನ್ನೆ ಮೂರನೇ ನೀರು ಮುಗಿಯಿತು. ಬಾಗಿಲ ಬೇವು ಇಳಿಸಿದೆವು. ಸಿದ್ದಕ್ಕ ತಾಯಿಯನ್ನು ಊರ ಬೇಲಿಯವರೆಗೂ ಬಿಟ್ಟು ಬಂದು, ‘ಖುಷಿಯಾಗಿ ಹೋದ್ಲು. ಆಸ್ಪತ್ರೆ ಅವಳಿಗೆ ಹಿಡಿಸ್ತು’ ಎಂದು ವರದಿ ಒಪ್ಪಿಸಿದಳು. ನಾನು ಡಾಕ್ಟರಿಗೂ ತಾಯಿಗೂ ಒಂದೊಂದು ಕಾಯಿ ಕೊಟ್ಟೆ. ಡಾಕ್ಟರು ತಮ್ಮ ಕಾಯಿಯನ್ನು ಮನೆಗೆ ಒಯ್ದರು.

ಅಪ್ಪ ಕೋಲು ಹಿಡಿದು ಹಿತ್ತಲವರೆಗೆ ನಡೆಯುತ್ತಾನೆ. ಮುಖದ ಮೇಲೆ ಕಲೆಗಳು ಉಳಿದಿವೆ. ಮೊದಲೂ ಅವನೇನು ಮದುಮಗನಾಗಿರಲಿಲ್ಲ ಎಂದು ಅವ್ವ ಸಮಾಧಾನ ಹೇಳಿದ್ದಾಳೆ.

ನಿಮ್ಮ ಷರತ್ತು ನನಗೆ ನೆನಪಿತ್ತು. ಆದರೆ ಆ ಮಾತನ್ನು ಅಪ್ಪನ ಬಾಯಿಂದ ಹೊರಡಿಸುವುದು ಹೇಗೆ? ನಾನಾಗಿ ಕೇಳುವಂತಿಲ್ಲ. ಇನ್ನೆರಡು ದಿನ ನೋಡೋಣ ಎಂದು ಇವತ್ತು ಬೆಳಿಗ್ಗೆ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದೆ. ಅಪ್ಪ ಒಳಗಿನಿಂದ ಬಂದು ಹೊಸ್ತಿಲ ಮೇಲೆ ನಿಂತ. ಆಮೇಲೆ ನಡೆದದ್ದನ್ನು ಒಂದಕ್ಷರ ಬಿಡದೆ ಬರೆಯುತ್ತಿದ್ದೇನೆ.

‘ಏನ್ಲೇ ಮಾರ್‍ತೇಶ ಎಮ್ಮೆ ಬಿದ್ಕಂಡಂಗೆ ಬಿದ್ಕಂಡಿದೀಯಲ್ಲ ಅಲ್ಲಿ ಆ ಯಜಮಾನಪ್ಪ ಕೈ ಸುಟ್ಕಂಡು ಅಂಗಡಿ ಬಾಗ್ಲು ಕಾಯ್ತಾ ಕುಂತವ್ನೆ ಇಲ್ಲಿ ನೀನು ನನ್ ಮಖ ನೋಡ್ಕಂತ ಕುಂತರೆ ನನ್ ಮಖದಾಗೇನು ಮಿರ್ಚಿ ಬೇಯ್ತೈತೇನ್ಲೇ ಎದ್ದೇಳು ನಾಳೆ ಬಸ್ಸಿಗೆ ಹೋಗ್ತೀಯೋ ಇಲ್ಲಾ ಈ ಕೋಲಲ್ಲೇ ಚಳ್ಳಕೆರೆಗಂಟ ಅಟ್ಕಂಡು ಬರ್ಲೋ!’

ನಡುವೆ ಉಸಿರಿಗಾಗಿ ಒಂದು ಸಲವೂ ನಿಲ್ಲಲಿಲ್ಲ ಯಜಮಾನ್ರೇ. ಅವ್ವ ಒಳಗೆ ಮೊರ ಹಿಡಿದವಳು ಹಾಗೇ ನಿಂತು ಕೇಳಿಸಿಕೊಳ್ಳುತ್ತಿದ್ದಳು. ನಾನು ಮತ್ತೊಂದು ಸಲ ಕೇಳೋಣವೆಂದು, ಕೇಳಿಸಲಿಲ್ಲ ಕಣಪ್ಪ ಎಂದೆ. ಅಪ್ಪ ಕೋಲು ಎತ್ತಿಕೊಂಡು ಎಲ್ಲವನ್ನೂ ಮೊದಲಿನಿಂದ ಹೇಳಿದ, ಇನ್ನೂ ಜೋರಾಗಿ.

ಮಾರುತೇಶ